ಹಳೆ ಆಟೋಪೈಲಟ್ ಪೂರ್ತಿ ಕಿತ್ತು ಹಾಕಬೇಕಿಲ್ಲ

ಹಾಯಿದೋಣಿಯಲ್ಲಿ ರೇಮರೀನ್ ಕಂಪನಿಯ ಹಳೆಯ ಆಟೋಪೈಲಟ್ (ದೋಣಿಯನ್ನು ಗೊತ್ತುಮಾಡಿದ ದಿಕ್ಕಿನಲ್ಲಿ ತಾನೇ ನಡೆಸುವ ಸಾಧನ) ಇದ್ದರೆ ಮೋಟಾರು ಸಮೇತ ಎಲ್ಲವನ್ನೂ ಬದಲಾಯಿಸಲೇಬೇಕು ಎಂಬ ಮಾತು ಓಡಾಡುತ್ತಿದೆ. ಇದು ಸರಿಯಲ್ಲ.

ಡೆಕ್ಕಿನ ಕೆಳಗೆ ಚುಕ್ಕಾಣಿಯನ್ನು ತಳ್ಳುವ ಡ್ರೈವ್ ಇದೆಯಲ್ಲ, ಖರ್ಚು ಜಾಸ್ತಿ ಅದಕ್ಕೇ. ಅದು ಗಟ್ಟಿಯಾಗಿದ್ದರೆ ಹೆಚ್ಚಾಗಿ ಹಾಗೇ ಉಳಿಸಿಕೊಳ್ಳಬಹುದು. ಬದಲಾಗುವುದು ಅದರ ತಲೆ: ಲೆಕ್ಕ ಹಾಕಿ ಡ್ರೈವ್ ನಡೆಸುವ ಹಳೆ ಕೋರ್ಸ್ ಕಂಪ್ಯೂಟರ್, ಫ್ಲಕ್ಸ್‌ಗೇಟ್ ಎಂಬ ಎಲೆಕ್ಟ್ರಾನಿಕ್ ದಿಕ್ಸೂಚಿ, ಬಟನ್ನು-ಪರದೆ ಇರುವ ಕಂಟ್ರೋಲ್ ಹೆಡ್. ಇವುಗಳ ಜಾಗಕ್ಕೆ ದಿಕ್ಕು ಅಳೆಯುವ ಇವಿ-1 ಸೆನ್ಸರ್, ಮೋಟಾರಿಗೆ ಕರೆಂಟು ಕೊಡುವ ಎಸಿಯು ಡಬ್ಬಿ, ಹೊಸ ಹೆಡ್ ಬರುತ್ತವೆ. ಎಸಿಯು ಆರಿಸುವಾಗ ಮೋಟಾರಿನ ವೋಲ್ಟೇಜು, ಅದು ಎಳೆಯುವ ಆಂಪಿಯರ್ ನೋಡಿಕೊಳ್ಳಿ. ಎಸಿಯು-200 ಚಿಕ್ಕ ಡ್ರೈವ್‌ಗೆ, ಎಸಿಯು-400 ದೊಡ್ಡ ಡ್ರೈವ್‌ಗೆ.

ರೇಮರೀನ್ ಸಾಧನಗಳನ್ನು ಒಂದಕ್ಕೊಂದು ಜೋಡಿಸುವ ಹಳೆ ಜಾಲ ಸೀಟಾಕ್‌ನ ಆಳ, ವೇಗದ ಮೀಟರುಗಳನ್ನೂ ಎಸೆಯಬೇಡಿ. ನಡುವೆ ಒಂದು ಕನ್ವರ್ಟರ್ ಹಾಕಿದರೆ ಹೊಸ ಜಾಲವಾದ ಸೀಟಾಕ್-ಎನ್‌ಜಿ ಜೊತೆ ಮಾತಾಡುತ್ತವೆ.

ಚುಕ್ಕಾಣಿಯ ಹಿಡಿಗೋಲನ್ನು ನೇರವಾಗಿ ತಳ್ಳುವ ಟಿಲ್ಲರ್ ಪೈಲಟ್ ವಿಷಯ ಮಾತ್ರ ಬೇರೆ. ಅದರಲ್ಲಿ ಸಾಮಾನ್ಯವಾಗಿ ಮೋಟಾರು, ದಿಕ್ಸೂಚಿ, ಬಟನ್ನು ಎಲ್ಲ ಒಂದೇ ಕೊಳವೆಯಲ್ಲಿ. ಅಲ್ಲಿ ಅರ್ಧ ಉಳಿಸಿ ಅರ್ಧ ಬದಲಾಯಿಸೋದು ಆಗಲ್ಲ.

ಇನ್ನೊಂದು, ಹೊಸ ಸೆನ್ಸರ್ ಪಕ್ಕದಲ್ಲಿ ಸ್ಪೀಕರ್, ಕಬ್ಬಿಣದ ಸ್ಪ್ಯಾನರ್ ಇಟ್ಟರೆ ದಿಕ್ಕು ತಪ್ಪುತ್ತದೆ. ಆಮೇಲೆ ಸುಮ್ನೆ ಆಟೋಪೈಲಟ್ಟನ್ನು ಬೈಯಬೇಡಿ.