ಕಾರ್ಡಿಗೆ ಒಂದು ವರ್ಷದ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಪಕ್ಕದ ಮನೆ ಹುಡುಗ ಬಿಕಾಂ ಮುಗಿಸಿ, ಲಾರಿ ಡ್ರೈವರ್ ಆಗ್ತೀನಿ ಅಂದ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. "ಹೆಣ್ಣು ಕೊಡೋರು ಕೇಳಿದ್ರೆ ಎಂತ ಹೇಳದು?" ಅಂತ ಅವರಮ್ಮ ನನ್ನನ್ನು ಕೇಳಿದರು. "ಲಾಜಿಸ್ಟಿಕ್ಸಲ್ಲಿದಾನೆ ಅನ್ನಿ" ಅಂದೆ. ಸ್ವಲ್ಪ ಸಮಾಧಾನ ಆಯಿತು.

ಮೊದಲು ಲಾರಿ ಲೈಸೆನ್ಸಿಗೆ ಎಂಟನೇ ಕ್ಲಾಸಾದರೂ ಓದಿರಬೇಕಿತ್ತು. 2019ರಲ್ಲಿ ಅದನ್ನು ತೆಗೆದರು. ವಯಸ್ಸು 20 ಆಗಿರಬೇಕು, ಆಗಿತ್ತು. ಕಾರಿನ ಲೈಸೆನ್ಸ್ ಸಿಕ್ಕು ಒಂದು ವರ್ಷ ಕಳೆದಿರಬೇಕು, ಅದೂ ಕಳೆದಿತ್ತು. ಆ ವರ್ಷ ಹುಡುಗ ಕಾರು ಮುಟ್ಟಿದ್ದು ಮಾವನ ಆಲ್ಟೊ ತೊಳೆಯೋಕೆ ಮಾತ್ರ. ಕಾರ್ಡು ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಕೆಳಗೆ, ನುಸಿಗುಳಿಗೆ ವಾಸನೆ ಕುಡಿಯುತ್ತಾ ವರ್ಷ ಪೂರೈಸಿತು. ಕಾಯ್ದೆ ನೋಡೋದು ಕಾರ್ಡಿನ ವಯಸ್ಸು. ಹುಡುಗನ ಕೈಕಾಲು ನೋಡೋದಿಲ್ಲ. ಹೀಗಾಗಿ ಅನುಭವ ಆದದ್ದು ಕಾರ್ಡಿಗೆ.

ಮೆಡಿಕಲ್ ಸರ್ಟಿಫಿಕೇಟಿನದು ಇನ್ನೊಂದು ಚಂದ. ಫಾರಂ 1ಎ ಅಂತಾರೆ. ಅದರಲ್ಲಿ ಡಾಕ್ಟರಿಗೊಂದು ಪ್ರಶ್ನೆ: ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಇವನಿಗೆ ಕಾಣುತ್ತದೆಯೇ? ಒಳ್ಳೆ ಹಗಲು ಬೆಳಕು! ಈ ಫಾರಂ ಬರೆದವರು ಆಷಾಢದಲ್ಲಿ ಆಗುಂಬೆಗೆ ಬಂದಿರಲಿಕ್ಕಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಎದುರಿನ ಬಸ್ಸು ಬರೋದು ಹಾರನ್ನಿನಿಂದಲೇ ಗೊತ್ತಾಗಬೇಕು. ಡಾಕ್ಟರು ಕಿಟಕಿ ಆಚೆ ನೋಡಿದರು. ಮಳೆ. ಹುಡುಗನ ಮುಖ ನೋಡಿದರು. ಕಾಣುತ್ತದೆ ಅಂತ ಬರೆದರು.

ಆಮೇಲೆ ಡ್ರೈವಿಂಗ್ ಸ್ಕೂಲು. ನಿಯಮದ ಪ್ರಕಾರ 30 ದಿನದ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಗಾಡಿ ಓಡಿಸಬೇಕು. ಇವನು ಸೇರಿದ ಕಡೆ ಲಾರಿ ಒಂದೇ. ಹಿಂದೆ ಖಾಲಿ, ಮುಂದೆ ಕ್ಯಾಬಿನ್ನಿನಲ್ಲಿ ಐದು ಜನ ಶಿಷ್ಯರು. ಲೋಡು ಅಂದ್ರೆ ಅದೇ. ಪಾಳಿ ಬಂದವನು ಸೆಕೆಂಡ್ ಗೇರಿನಿಂದ ಥರ್ಡಿಗೆ ಹಾಕುವಷ್ಟರಲ್ಲಿ "ಇಳಿ, ಮುಂದಿನವನು ಬಾ" ಅನ್ನುತ್ತಿದ್ದರಂತೆ. ಮಿಕ್ಕ ಗಂಟೆಗಳನ್ನೆಲ್ಲ ರಿಜಿಸ್ಟರು ಓಡಿಸಿತು. ಟೆಸ್ಟು ಸಪಾಟು ಮೈದಾನದಲ್ಲಿ. ಮುಂದೆ ಹೋದ, ಹಿಂದೆ ಬಂದ, ಪಾಸು.

ಹತ್ತು ಚಕ್ರದ ಲಾರಿ ಲೋಡು ಸೇರಿ 28.5 ಟನ್ ತನಕ ತೂಗಬಹುದು. ಅಷ್ಟು ಭಾರ ಇಟ್ಟುಕೊಂಡು ಘಾಟಿ ಇಳಿಯುವಾಗ ಸುಮ್ನೆ ಬ್ರೇಕ್ ಒತ್ತುತ್ತಾ ಹೋದರೆ ಡ್ರಮ್ಮು ಕಾದು, ಬ್ರೇಕೇ ಹಿಡಿಯೋದಿಲ್ಲ. ಹತ್ತುವ ಗೇರಿನಲ್ಲೇ ಇಳಿಸಬೇಕು. ಇದನ್ನು ಅವನಿಗೆ ಹೇಳಿಕೊಟ್ಟಿದ್ದು ಸ್ಕೂಲಲ್ಲ. ಶಿವಮೊಗ್ಗ ಎಪಿಎಂಸಿ ಹತ್ತಿರ ಟೀ ಕುಡಿಯುತ್ತಿದ್ದ ಒಬ್ಬ ಹಳೇ ಡ್ರೈವರು.

ಕಾರ್ಡು ಹಿಡಿದು ಒಬ್ಬ ಲಾರಿ ಮಾಲೀಕರ ಹತ್ತಿರ ಹೋದ.

"ಘಾಟಿ ಇಳಿಸಿದೀಯಾ?"

"ಇಲ್ಲ ಸಾರ್."

"ಎರಡು ವರ್ಷ ಅನುಭವ ಮಾಡ್ಕಂಡು ಬಾ ಮಾರಾಯ."

"ಎಲ್ಲಿ ಮಾಡ್ಲಿ ಸಾರ್?"

"ಲಾರೀಲಿ."

ಲಾರಿ ಯಾರಿಗೆ ಕೊಡ್ತಾರೆ? ಅನುಭವ ಇದ್ದವರಿಗೆ. ಕ್ಲೀನರ್ ಆಗಿಯಾದರೂ ಬರ್ತೀನಿ ಅಂದ. ಮಾಲೀಕರು ನಕ್ಕರು. ಸಂಬಳ ಉಳಿಯಲಿ ಅಂತ ಕ್ಲೀನರನ್ನು ಬಿಡಿಸಿ ಎಷ್ಟೋ ಕಾಲವಾಗಿತ್ತು. ಹಿಂದೆ ಅದೇ ಅಲ್ವಾ ಸ್ಕೂಲು? ಗಾಜು ಒರೆಸು, ಟೈರು ಬಡಿದು ನೋಡು, ಏರಿನಲ್ಲಿ ನಿಂತರೆ ಗಾಲಿಗೆ ಕಲ್ಲು ಕೊಡು. ನಾಲ್ಕು ವರ್ಷ ಬೈಗುಳ ತಿಂದ ಮೇಲೆ, ಒಂದು ರಾತ್ರಿ ಖಾಲಿ ರಸ್ತೆಯಲ್ಲಿ ಡ್ರೈವರಣ್ಣ ಸ್ಟೇರಿಂಗ್ ಬಿಟ್ಟುಕೊಡುತ್ತಿದ್ದ. ಕಾನೂನಿನ ಪ್ರಕಾರ ಅದು ತಪ್ಪು. ಬೀರುವಿನಲ್ಲಿ ಕಾರ್ಡಿಟ್ಟರೆ ಸರಿ. ಡ್ರೈವರ್ ಸಿಗ್ತಿಲ್ಲ, ಈಗಿನ ಹುಡುಗರಿಗೆ ಮೈಬಗ್ಗಲ್ಲ ಅಂತ ಗೋಳಾಡುವವರೂ ಇದೇ ಮಾಲೀಕರು.

ಆಗುಂಬೆಯ 14 ತಿರುವಿನಲ್ಲಾದರೂ ಕೈ ಪಳಗಿಸೋಣ ಅಂದ್ರೆ ಅಲ್ಲಿ ಭಾರಿ ಲಾರಿ ಬಿಡೋದಿಲ್ಲ. ನಮ್ಮದೇ ತಾಲ್ಲೂಕಿನ ಘಾಟಿ. ಕಾರಿನ ಕಾರ್ಡು ಹಿಡಿದು ಓಡಿಸಿಕೊಂಡು ಹೋಗಬಹುದು, ಲಾರಿಯ ಕಾರ್ಡು ಹಿಡಿದವನು ಮಿನಿಬಸ್ಸಿಗೆ ಟಿಕೆಟ್ ತಗೋಬೇಕು.

ಜುಲೈಯಲ್ಲಿ ಒಂದು ರಾತ್ರಿ ಅದೇ ಮಾಲೀಕರ ಫೋನು. ಅವರ ಡ್ರೈವರು ಕೆಲಸ ಬಿಟ್ಟಿದ್ದ. "ಬೆಳಿಗ್ಗೆ ಕುಂದಾಪುರಕ್ಕೆ ಅಕ್ಕಿ ಲೋಡು. ಬಾಳೆಬರೆ ಘಾಟಿ ಇಳಿಸ್ತೀಯಾ?" ಎರಡು ವರ್ಷದ ಅನುಭವ ಎರಡು ನಿಮಿಷದಲ್ಲಿ ಪೂರ್ತಿಯಾಯಿತು.

ಮಾರನೇ ದಿನ ನನಗೆ ಫೋನ್ ಮಾಡಿದ. "ಅಣ್ಣ, ಘಾಟಿಯ ಹುಲಿಕಲ್ ಚಂಡಿಕಾಂಬೆ ಗುಡಿ ಹತ್ರ ನಿಲ್ಸಿದೀನಿ. ಕಾಸು ಹಾಕಿ ಬಾ ಅಂದಿದ್ಲು ಅಮ್ಮ. ಗಾಲಿಗೆ ಕಲ್ಲು ನಾನೇ ಕೊಟ್ಟೆ."

"ಮುಂದೆ ಹೆಂಗಿದೆ?"

"ಮಂಜು. 25 ಮೀಟರಿನ ನಂಬರ್ ಪ್ಲೇಟು ಹಾಳಾಗ್ಲಿ, ಎದುರಿಗೆ ಗಾಡಿ ಇದ್ಯೋ ಇಲ್ವೋ ಅದೇ ಗೊತ್ತಾಗ್ತಿಲ್ಲ."

ಹಿಂದಿನಿಂದ ಯಾರೋ ಹಾರನ್ ಹೊಡೆದರು. "ಇಡ್ತೀನಣ್ಣ" ಅಂದ. ಹತ್ತುವ ಗೇರಲ್ಲೇ ಇಳಿಸು ಮಾರಾಯ ಅನ್ನುವುದರೊಳಗೆ ಫೋನ್ ಕಟ್ಟಾಯಿತು.