ಎಲ್ಲರ ದಣಿವನ್ನು ಕೇಳುವವರ ದಣಿವು

ಕೆಲಸದ ಒತ್ತಡ ತಾಳಲಾರದೆ ಯಾರಾದರೂ ಕುಸಿದಾಗ ಅವರ ಮ್ಯಾನೇಜರ್ ಮೊದಲು ಹೇಳುವ ಮಾತು ‘ಒಮ್ಮೆ ಎಚ್‌ಆರ್ ಜೊತೆ ಮಾತನಾಡಿ’ ಎಂಬುದು. ಎಚ್‌ಆರ್ ಎಂಬ ಆ ಮಾನವ ಸಂಪನ್ಮೂಲ ವಿಭಾಗದಲ್ಲಿ ಇರುವವರೇ ಕುಸಿದರೆ ಯಾರ ಜೊತೆ ಮಾತನಾಡಬೇಕು ಎಂಬುದಕ್ಕೆ ಹೆಚ್ಚಿನ ಸಂಸ್ಥೆಗಳ ನಿಯಮಾವಳಿಯಲ್ಲಿ ಉತ್ತರವಿಲ್ಲ. ಆ ನಿಯಮಾವಳಿಯನ್ನು ಬರೆದವರೂ ಅವರೇ. ಎಲ್ಲರಿಗೂ ಒಂದೊಂದು ದಾರಿ ಬರೆದಿಟ್ಟು ತಮಗೊಂದು ಬರೆದುಕೊಳ್ಳಲು ಮರೆತಿರುತ್ತಾರೆ, ಇಲ್ಲವೇ ಕೇಳಲು ಸಂಕೋಚಪಟ್ಟಿರುತ್ತಾರೆ. ಈ ವೃತ್ತಿಯಲ್ಲಿ ಬಹುಕಾಲ ಇದ್ದು, ಜೊತೆಯವರು ಒಬ್ಬೊಬ್ಬರಾಗಿ ಬಳಲಿ ದೂರ ಸರಿದದ್ದನ್ನು ಕಂಡ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಎಚ್‌ಆರ್‌ನವರ ಬರ್ನ್‌ಔಟ್‌ಗೆ, ಅಂದರೆ ಕೆಲಸದಿಂದಾಗಿ ಬಳಲಿ ಬರಿದಾಗುವ ಸ್ಥಿತಿಗೆ, ಕೆಲಸದ ಗಂಟೆಗಳಿಗಿಂತ ಅವರನ್ನು ನಿಲ್ಲಿಸಿರುವ ಜಾಗವೇ ದೊಡ್ಡ ಕಾರಣ. ತಾವು ತೆಗೆದುಕೊಳ್ಳದ ತೀರ್ಮಾನವನ್ನು ತಮ್ಮ ಬಾಯಿಂದ ಹೇಳಬೇಕು, ಗೊತ್ತಿರುವುದನ್ನು ಗೊತ್ತಿಲ್ಲದವರಂತೆ ಇಟ್ಟುಕೊಳ್ಳಬೇಕು, ಎರಡೂ ಕಡೆಯವರ ಅನುಮಾನವನ್ನು ಹೊರಬೇಕು. ಈ ಜಾಗವನ್ನು ಸರಿಪಡಿಸದೆ ಕೊಡುವ ಎರಡು ದಿನದ ರಜೆಯಿಂದಾಗಲಿ, ಧ್ಯಾನದ ಆ್ಯಪ್‌ನಿಂದಾಗಲಿ ಹೆಚ್ಚೇನೂ ಆಗದು.

ಬರ್ನ್‌ಔಟ್ ಮೊದಲು ಗಮನಕ್ಕೆ ಬಂದದ್ದೇ ಇತರರ ನೋವಿಗೆ ಕಿವಿಯಾಗುವವರಲ್ಲಿ. ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಇದರ ಬಗ್ಗೆ ಬರೆದಾಗ ಅವರ ಕಣ್ಣ ಮುಂದಿದ್ದವರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಸಿಬ್ಬಂದಿ. ಮುಂದೆ 1981ರಲ್ಲಿ ಮನೋವಿಜ್ಞಾನ ಸಂಶೋಧಕಿಯರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿ, ಅದಕ್ಕೆ ಮೂರು ಮುಖಗಳಿವೆ ಎಂದು ತೋರಿಸಿದರು: ಒಳಗಿನಿಂದ ಬರಿದಾಗುವುದು, ಎದುರಿಗಿರುವವರ ಬಗ್ಗೆ ಮನಸ್ಸು ಮರಗಟ್ಟುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಜಾಗವಿದೆ. ಆದರೆ ಕಾಯಿಲೆಯಾಗಿ ಅಲ್ಲ, ಸರಿಯಾಗಿ ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದ ಫಲವಾಗಿ. ಬದುಕಿನ ಬೇರೆ ದಣಿವುಗಳಿಗೆ ಈ ಪದವನ್ನು ಬಳಸಬಾರದು ಎಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಬೇರು ಕೆಲಸದಲ್ಲಿದೆ ಎಂದು ಒಪ್ಪಿಕೊಂಡ ಮೇಲೆ ಮದ್ದನ್ನು ಬರೀ ವ್ಯಕ್ತಿಯ ಮನೋಬಲದಲ್ಲಿ ಹುಡುಕುವುದು ಸರಿಯಲ್ಲ.

ಎಚ್‌ಆರ್‌ನವರಲ್ಲಿ ಬರ್ನ್‌ಔಟ್‌ನ ಮೂರು ಮುಖಗಳ ಪೈಕಿ ಎರಡನೆಯದನ್ನು, ಅಂದರೆ ಮನಸ್ಸು ಮರಗಟ್ಟುವುದನ್ನು, ಗುರುತಿಸುವುದೇ ಅತ್ಯಂತ ಕಷ್ಟ, ಏಕೆಂದರೆ ಅದು ಒಳ್ಳೆಯ ಗುಣದ ವೇಷದಲ್ಲಿ ಬರುತ್ತದೆ. ತಂದೆ ತೀರಿಕೊಂಡರು, ಊರಿಗೆ ಹೊರಟಿದ್ದೇನೆ ಎಂದು ಉದ್ಯೋಗಿಯೊಬ್ಬರು ಬೆಳಗಿನ ಜಾವ ಸಂದೇಶ ಕಳುಹಿಸುತ್ತಾರೆ. ದಣಿಯದ ದಿನಗಳಲ್ಲಿ ಅದನ್ನು ಓದಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ದಣಿದವರ ಬೆರಳುಗಳು ಮಾತ್ರ, ಹಿಂದೆ ಇನ್ನಾರಿಗೋ ಕಳುಹಿಸಿದ್ದ ಸಂತಾಪದ ಎರಡು ಸಾಲನ್ನು ಹುಡುಕಿ, ಹೆಸರು ಬದಲಿಸಿ, ಅದರ ಕೆಳಗೆ ‘ರಜೆಯನ್ನು ಪೋರ್ಟಲ್‌ನಲ್ಲಿ ನಮೂದಿಸಿ, ಮರಣ ಪ್ರಮಾಣಪತ್ರವನ್ನು ಅನಂತರ ಲಗತ್ತಿಸಬಹುದು’ ಎಂದು ಸೇರಿಸಿ ಕಳುಹಿಸಿಬಿಡುತ್ತವೆ. ಉತ್ತರದಲ್ಲಿ ತಪ್ಪೇನೂ ಇಲ್ಲ, ತಡವೂ ಆಗಿಲ್ಲ. ಕಳುಹಿಸಿದವರಿಗೆ ಏನೂ ಅನ್ನಿಸಿರುವುದಿಲ್ಲ ಎಂಬುದೇ ಅಲ್ಲಿನ ಲಕ್ಷಣ. ಹೀಗೆ ಯಾವುದಕ್ಕೂ ಅಲುಗದೆ ಕೆಲಸ ಮುಗಿಸುವವರನ್ನು ವರ್ಷದ ಅಪ್ರೈಸಲ್ ಎಂಬ ಕೆಲಸದ ಮೌಲ್ಯಮಾಪನದಲ್ಲಿ ‘ಪ್ರಬುದ್ಧರು, ಭಾವನೆಗಳಿಗೆ ಒಳಗಾಗುವವರಲ್ಲ’ ಎಂದು ಹೊಗಳುವುದನ್ನು ನಾನು ಕಂಡಿದ್ದೇನೆ. ಆ ಹೊಗಳಿಕೆಯನ್ನು ಓದಿದಾಗಲೆಲ್ಲ ನನಗೆ ಆತಂಕವಾಗುತ್ತದೆ.

ಈ ಮರಗಟ್ಟುವಿಕೆ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಲೇಆಫ್‌ನ, ಅಂದರೆ ಸಂಸ್ಥೆ ಹಲವರನ್ನು ಕೆಲಸದಿಂದ ತೆಗೆಯುವ ಕ್ರಮದ, ಹಿಂದಿನ ದಿನಗಳನ್ನು ನೋಡಬೇಕು. ಎಲ್ಲರೂ ಮಾತನಾಡುವುದು ಲೇಆಫ್‌ನ ದಿನದ ಬಗ್ಗೆ. ಅಂದು ಕೊಠಡಿ, ಕಾಗದ, ಹೇಳಬೇಕಾದ ಮಾತು, ಹಿಂದಿರುಗಿಸಬೇಕಾದ ಲ್ಯಾಪ್‌ಟಾಪ್‌ಗಳ ಪಟ್ಟಿ ಎಲ್ಲವೂ ಸಿದ್ಧವಿರುತ್ತವೆ, ದಿನ ಹೇಗೋ ಕಳೆಯುತ್ತದೆ. ಜೀವ ಹಿಂಡುವುದು ಅದಕ್ಕೆ ಮುಂಚಿನ ದಿನಗಳು. ಪಟ್ಟಿ ಸಿದ್ಧವಾಗಿದೆ, ಪ್ರಕಟವಾಗಿಲ್ಲ. ಅದರಲ್ಲಿ ಹೆಸರಿರುವ ಒಬ್ಬರು ಗೃಹಸಾಲಕ್ಕೆ ಬ್ಯಾಂಕಿನವರು ಕೇಳುತ್ತಿದ್ದಾರೆಂದು ಉದ್ಯೋಗ ದೃಢೀಕರಣ ಪತ್ರ ಬೇಡಿ ಬರುತ್ತಾರೆ. ‘ಇವರು ಈ ದಿನಾಂಕದಂದು ನಮ್ಮ ಸಂಸ್ಥೆಯ ಕಾಯಂ ಉದ್ಯೋಗಿಯಾಗಿರುತ್ತಾರೆ’ ಎಂಬ ಪತ್ರದ ಪ್ರತಿಯೊಂದು ಪದವೂ ನಿಜ. ಅದಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಕೈಗಿಡುವಾಗ ಅವರು ಮನೆಯ ನಕ್ಷೆಯನ್ನು ಮೊಬೈಲ್‌ನಲ್ಲಿ ತೋರಿಸುತ್ತಾರೆ. ಸಾಲ ತೆಗೆದುಕೊಳ್ಳಬೇಡಿ ಎನ್ನುವಂತಿಲ್ಲ, ಹೇಳಿದರೆ ಗೋಪ್ಯತೆಯ ಉಲ್ಲಂಘನೆ. ‘ಬಹಳ ಚೆನ್ನಾಗಿದೆ’ ಎಂದರೆ ಅದೂ ಒಂದು ಬಗೆಯ ವಂಚನೆಯೇ. ಇಂಥ ಎರಡು ನಿಮಿಷಗಳನ್ನು ಯಾವ ಟೈಮ್‌ಶೀಟ್‌ನಲ್ಲಿಯೂ ತುಂಬಲಾಗದು. ಮನೆಗೆ ಹೋದ ಮೇಲೂ ಇದನ್ನು ಗಂಡನಿಗೋ ಹೆಂಡತಿಗೋ ಹೇಳಿಕೊಳ್ಳಲು ಒಪ್ಪಂದದ ಷರತ್ತು ಅಡ್ಡ ಬರುತ್ತದೆ.

ವೃತ್ತಿಗಾಗಿ ಮುಖಭಾವವನ್ನೂ ಮನಸ್ಸನ್ನೂ ಹದಗೊಳಿಸಿಕೊಳ್ಳುವ ದುಡಿಮೆಗೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವನಾತ್ಮಕ ಶ್ರಮ ಎಂದು ಹೆಸರಿಟ್ಟರು. ಮರುವರ್ಷ ನೀತಿಶಾಸ್ತ್ರಜ್ಞ ಆ್ಯಂಡ್ರ್ಯೂ ಜೇಮ್‌ಟನ್ ದಾದಿಯರ ಬಗ್ಗೆ ಬರೆಯುತ್ತ ಇನ್ನೊಂದು ಸಂಕಟವನ್ನು ಗುರುತಿಸಿದರು: ಯಾವುದು ಸರಿಯೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದಾಗಿ ಅದನ್ನು ಮಾಡಲಾಗದ ಸಂಕಟ. ಎಚ್‌ಆರ್ ಕೆಲಸದಲ್ಲಿ ಇವೆರಡೂ ಒಂದೇ ದಿನ, ಎಷ್ಟೋ ಸಲ ಒಂದೇ ಮಾತುಕತೆಯಲ್ಲಿ ಸೇರಿಕೊಳ್ಳುತ್ತವೆ. ಹೊರಗಿನಿಂದ ನೋಡುವವರಿಗೆ ಎಚ್‌ಆರ್ ಎಂದರೆ ದೊಡ್ಡ ಅಧಿಕಾರವುಳ್ಳವರು. ಸಂಬಳವನ್ನು ಎಷ್ಟು ಹೆಚ್ಚಿಸಬೇಕು, ಎಷ್ಟು ಜನರನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನಗಳು ಮಾತ್ರ ಸಾಮಾನ್ಯವಾಗಿ ಹಣಕಾಸು ವಿಭಾಗದಲ್ಲೋ ಆಡಳಿತ ಮಂಡಳಿಯಲ್ಲೋ ಆಗುತ್ತವೆ. ಬೇಡಿಕೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸ ಮನುಷ್ಯನನ್ನು ಎಲ್ಲಕ್ಕಿಂತ ಹೆಚ್ಚು ಸವೆಸುತ್ತದೆ ಎಂದು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದರು. ಎಚ್‌ಆರ್ ಹುದ್ದೆಗೆ ಇದಕ್ಕಿಂತ ಸರಿಯಾದ ವಿವರಣೆ ಕಷ್ಟ. (‘ನಾವೆಲ್ಲ ಒಂದೇ ಕುಟುಂಬ’ ಎಂಬ ಪೋಸ್ಟರನ್ನು ಗೋಡೆಗೆ ಅಂಟಿಸುವ ಕೆಲಸವೂ ಇವರದ್ದೇ ಎಂಬುದು ಬೇರೆ ಮಾತು.)

ಇಷ್ಟು ಓದುವ ಹೊತ್ತಿಗೆ ಅನೇಕರಿಗೆ ಸಿಟ್ಟು ಬಂದಿರಬಹುದು. ಎಚ್‌ಆರ್ ಎಂದೂ ಉದ್ಯೋಗಿಯ ಪರ ಇರುವುದಿಲ್ಲ, ಮ್ಯಾನೇಜ್‌ಮೆಂಟ್‌ನ ಕೈಗೊಂಬೆಗಳಿಗೆ ಕನಿಕರವೇಕೆ ಎಂಬ ಪ್ರಶ್ನೆ ನನಗೆ ಹೊಸದಲ್ಲ, ಅದರಲ್ಲಿ ಹುರುಳಿಲ್ಲವೆಂದೂ ನಾನು ಹೇಳುವುದಿಲ್ಲ. ದೂರು ಕೊಟ್ಟವರನ್ನೇ ಮೂಲೆಗೆ ತಳ್ಳಿದ, ತಪ್ಪು ಮಾಡಿದ ದೊಡ್ಡವರನ್ನು ಕಾಪಾಡಿದ ಎಚ್‌ಆರ್‌ಗಳು ಇದ್ದಾರೆ, ಅವರಿಗೆ ಬರ್ನ್‌ಔಟ್ ಒಂದು ನೆಪವಾಗಬಾರದು. ಆದರೆ ನಾನು ಕೇಳುತ್ತಿರುವುದು ಕನಿಕರವಲ್ಲ. ಬಳಲಿದ ಎಚ್‌ಆರ್‌ನಿಂದ ಮೊದಲು ಪೆಟ್ಟು ತಿನ್ನುವವರು ಉದ್ಯೋಗಿಗಳೇ. ಕಿರುಕುಳದ ದೂರು ಹೇಳಲು ವಾರಗಟ್ಟಲೆ ಧೈರ್ಯ ಕೂಡಿಸಿಕೊಂಡು ಬಂದವರ ಎದುರು, ಅದೇ ತಿಂಗಳಲ್ಲಿ ಅಂಥವೇ ಹಲವು ದೂರುಗಳನ್ನು ಕೇಳಿ ಬತ್ತಿಹೋದವರು ಕುಳಿತು, ತಲೆಯೆತ್ತದೆ ‘ಸಾಕ್ಷಿ ಯಾರಾದರೂ ಇದ್ದಾರೆಯೇ’ ಎಂದು ಕೇಳಿದರೆ, ಪ್ರಶ್ನೆ ನಿಯಮದ ಪ್ರಕಾರವೇ ಇದ್ದರೂ ಬಂದವರು ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ದೂರು ಕಡತಕ್ಕೆ ಬರುವುದೇ ಇಲ್ಲ.

ಗುರುತಿಸುವುದು ಹೇಗೆ? ಆಕಳಿಕೆ, ತಲೆನೋವು, ನಿದ್ದೆಗೇಡು ಎಲ್ಲ ಕೆಲಸಗಳಲ್ಲೂ ಇವೆ, ಅವನ್ನು ಬಿಡೋಣ. ಈ ವೃತ್ತಿಗೇ ಸೇರಿದ ಕೆಲವು ಸುಳಿವುಗಳಿವೆ. ‘ಗೋಪ್ಯ’ ಎಂಬ ಶೀರ್ಷಿಕೆಯ ಮೇಲ್ ಬಂದರೆ ತೆರೆಯದೆ ಮುಂದೂಡುವುದು. ‘ಒಂದು ನಿಮಿಷ ಸಿಗುತ್ತೀರಾ’ ಎಂದು ಯಾರಾದರೂ ತಡೆದಾರೆಂದು ಕಾರಿಡಾರ್‌ನಲ್ಲಿ ಸುತ್ತು ದಾರಿ ಹಿಡಿಯುವುದು. ಜನರನ್ನು ಹೆಸರಿನಿಂದ ನೆನೆಯದೆ ‘ಆ ನೋಟಿಸ್ ಪಿರಿಯಡ್ ಕೇಸ್’, ‘ಆ ಹೆರಿಗೆ ರಜೆ ಕೇಸ್’ ಎನ್ನುವುದು. ಅಳುತ್ತಿರುವವರ ಎದುರು ಕುಳಿತಾಗ ಕಣ್ಣು ಗಡಿಯಾರದ ಕಡೆ ಹೋಗುವುದು. ಇವೆಲ್ಲಕ್ಕಿಂತ ನಾನು ಹೆಚ್ಚು ಗಮನ ಕೊಡುವುದು ಇನ್ನೊಂದಕ್ಕೆ. ಹೊಸಬರನ್ನು ಆರಿಸಿ, ಕರೆದು, ಕೆಲಸ ಸಿಕ್ಕಿದೆ ಎಂದು ಹೇಳುವುದು ಈ ವೃತ್ತಿಯ ಕೆಲವೇ ಸಂತೋಷಗಳಲ್ಲಿ ಒಂದು. ಆ ಕರೆಯನ್ನೂ ಒಬ್ಬರು ಬೇರೆಯವರಿಗೆ ದಾಟಿಸತೊಡಗಿದರೆಂದರೆ ವಿಷಯ ಬಹಳ ಮುಂದೆ ಹೋಗಿದೆ ಎಂದೇ ತಿಳಿಯಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ: ರಜೆಯಲ್ಲಿದ್ದರೂ ಮನಸ್ಸು ತಿಳಿಯಾಗದಿದ್ದರೆ, ಮನೆಯವರು, ಸ್ನೇಹಿತರು, ಹವ್ಯಾಸ ಯಾವುದೂ ಬೇಡವೆನಿಸಿದರೆ, ಬದುಕೇ ಸಾಕೆಂಬ ಯೋಚನೆ ಸುಳಿದರೆ ಅದನ್ನು ಬರ್ನ್‌ಔಟ್ ಎಂದು ಕರೆದು ಸುಮ್ಮನಿರಬಾರದು. ಅದು ಖಿನ್ನತೆಯಿರಬಹುದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಪರಿಹಾರದ ವಿಷಯಕ್ಕೆ ಬಂದರೆ, ಮ್ಯಾಸ್ಲಾಕ್ ಮತ್ತು ಮನೋವಿಜ್ಞಾನಿ ಮೈಕೆಲ್ ಲೈಟರ್ ಕೆಲಸದ ಆರು ಸಂಗತಿಗಳನ್ನು ಪರಿಶೀಲಿಸಲು ಹೇಳುತ್ತಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯ. ಸಂಸ್ಥೆಗಳು ಸಾಮಾನ್ಯವಾಗಿ ಮೊದಲನೆಯದರಲ್ಲೇ ನಿಂತು, ಇನ್ನೊಬ್ಬರನ್ನು ನೇಮಿಸಿದರೆ ಮುಗಿಯಿತು ಎಂದುಕೊಳ್ಳುತ್ತವೆ. ನನ್ನ ಪ್ರಕಾರ ಎಚ್‌ಆರ್ ಮಟ್ಟಿಗೆ ಹಿಡಿತ ಮತ್ತು ಮೌಲ್ಯಗಳೇ ಮುಖ್ಯ. ಅದಕ್ಕೆ ಮೊದಲ ಹೆಜ್ಜೆ, ತೀರ್ಮಾನ ಮಾಡಿದವರೇ ಅದನ್ನು ಹೇಳುವುದು. ಒಬ್ಬರನ್ನು ಕೆಲಸದಿಂದ ತೆಗೆಯಲು ನಿರ್ಧರಿಸಿದ ವಿಭಾಗದ ಮುಖ್ಯಸ್ಥರೇ ಎದುರು ಕುಳಿತು ಕಾರಣ ತಿಳಿಸಲಿ. ಎಚ್‌ಆರ್ ಪಕ್ಕದಲ್ಲಿದ್ದು ಪರಿಹಾರ ಧನ, ವಿಮೆ, ಕಾಗದಪತ್ರಗಳ ವಿಷಯ ನೋಡಿಕೊಳ್ಳಲಿ. ಹೀಗೆ ಮಾಡಿದ ಕಡೆಗಳಲ್ಲಿ ಪಟ್ಟಿಗಳು ಚಿಕ್ಕದಾಗುವುದನ್ನೂ ನಾನು ನೋಡಿದ್ದೇನೆ, ಏಕೆಂದರೆ ಮುಖ ನೋಡಿ ಹೇಳಬೇಕಾದಾಗ ಹೆಸರು ಬರೆಯುವ ಕೈ ತಡೆಯುತ್ತದೆ.

ಎರಡನೆಯದು, ಸಮಾಲೋಚಕರಿಗೆ ಇರುವಂಥ ಮೇಲ್ವಿಚಾರಣೆಯ ವ್ಯವಸ್ಥೆ. ಮನಸ್ಸಿನ ಕಷ್ಟಗಳನ್ನು ಕೇಳುವ ಕೌನ್ಸೆಲರ್‌ಗಳು ತಮ್ಮ ಪ್ರಕರಣಗಳನ್ನು ಹೆಸರು ಹೇಳದೆ ಹಿರಿಯರೊಬ್ಬರ ಜೊತೆ ನಿಯಮಿತವಾಗಿ ಚರ್ಚಿಸುತ್ತಾರೆ. ಅದು ಅವರ ವೃತ್ತಿಯ ಭಾಗ, ದೌರ್ಬಲ್ಯದ ಗುರುತಲ್ಲ. ದೂರು ವಿಚಾರಣೆ, ಲೇಆಫ್, ಸಾವು ನೋವುಗಳನ್ನು ನಿಭಾಯಿಸುವ ಎಚ್‌ಆರ್‌ಗೂ ಸಂಸ್ಥೆಯ ಹೊರಗಿನ, ಗೋಪ್ಯತೆಗೆ ಬದ್ಧರಾದ ಅಂಥ ಒಬ್ಬರು ಬೇಕು. ಉದ್ಯೋಗಿಗಳಿಗೆಂದು ಇರುವ ಆಪ್ತಸಲಹಾ ಸೇವೆಯನ್ನೇ ಬಳಸಿಕೊಳ್ಳಿ ಎನ್ನುವವರು, ಆ ಸೇವೆಯ ಗುತ್ತಿಗೆಯನ್ನು ಪ್ರತಿವರ್ಷ ನವೀಕರಿಸುವವರು ಎಚ್‌ಆರ್‌ನವರೇ ಎಂಬುದನ್ನು ಗಮನಿಸಿರುವುದಿಲ್ಲ. ತಾವೇ ಬಿಲ್ ಮಂಜೂರು ಮಾಡುವ ಕಡೆ ಯಾರೂ ಮನಸ್ಸು ಬಿಚ್ಚಲಾರರು. ಇವುಗಳ ಜೊತೆಗೆ, ವಿಚಾರಣೆಗಳು ಸದಾ ಒಬ್ಬರ ತಲೆಗೇ ಬೀಳದಂತೆ ಸರದಿ ಇರಲಿ, ಲೇಆಫ್ ನಡೆಸಿದವರಿಗೆ ಅದೇ ವಾರ ಹೊಸಬರ ಸ್ವಾಗತ ಕಾರ್ಯಕ್ರಮ ಒಪ್ಪಿಸದಿರಲಿ. ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆಂದೇ ರೂಪಿಸಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 45003 ಎಂಬ ಮಾರ್ಗದರ್ಶಿ 2021ರಿಂದ ಇದೆ. ಅದನ್ನು ಎಲ್ಲ ವಿಭಾಗಗಳಿಗೂ ಅನ್ವಯಿಸುವ ಎಚ್‌ಆರ್, ಅಪಾಯಗಳ ಪಟ್ಟಿಯಲ್ಲಿ ತನ್ನ ವಿಭಾಗವನ್ನೂ ಒಂದು ಸಾಲಾಗಿ ಬರೆಯಲಿ.

ವ್ಯಕ್ತಿಗತವಾಗಿ ಮಾಡಬಹುದಾದವು ಕಡಿಮೆ, ಆದರೂ ಇವೆ. ತಾನು ಒಪ್ಪದ ತೀರ್ಮಾನವಿದ್ದಾಗ ಆಕ್ಷೇಪವನ್ನು ಲಿಖಿತವಾಗಿ, ಸಭ್ಯವಾಗಿ ದಾಖಲಿಸಿಡುವುದು ಅವುಗಳಲ್ಲಿ ಮುಖ್ಯ. ತೀರ್ಮಾನ ಬದಲಾಗದಿರಬಹುದು, ಆದರೆ ಅದರ ಭಾರದಲ್ಲಿ ತನ್ನ ಪಾಲೆಷ್ಟು ಎಂಬುದು ತನಗಾದರೂ ಸ್ಪಷ್ಟವಾಗುತ್ತದೆ. ಒಬ್ಬರೇ ಎಚ್‌ಆರ್ ಆಗಿರುವ ಸಣ್ಣ ಸಂಸ್ಥೆಗಳಲ್ಲಿ, ಬೇರೆ ಸಂಸ್ಥೆಗಳ ಇಂಥದ್ದೇ ಕೆಲಸದ ಮೂರ್ನಾಲ್ಕು ಜನ ಸೇರಿ, ಹೆಸರು ವಿವರಗಳನ್ನು ಬಿಟ್ಟು ಮಾತನಾಡಿಕೊಳ್ಳುವುದು ಹೊರಗಿನ ಮೇಲ್ವಿಚಾರಕರಿಗೆ ತಕ್ಕಮಟ್ಟಿನ ಬದಲಿಯಾಗಬಲ್ಲದು.

ಇನ್ನೊಂದು ಸಣ್ಣ ವಿಷಯ ಉಳಿದಿದೆ. ಯಾರೇ ರಾಜೀನಾಮೆ ಕೊಟ್ಟರೂ ಎಕ್ಸಿಟ್ ಇಂಟರ್‌ವ್ಯೂ, ಅಂದರೆ ಬಿಟ್ಟು ಹೋಗುವ ಕಾರಣ ಕೇಳುವ ಸಂದರ್ಶನ, ಮಾಡುವವರು ಎಚ್‌ಆರ್. ಎಚ್‌ಆರ್‌ನವರೇ ರಾಜೀನಾಮೆ ಕೊಟ್ಟಾಗ ಅದನ್ನು ಮಾಡುವವರು ಪಕ್ಕದ ಮೇಜಿನ ಸಹೋದ್ಯೋಗಿ. ಕೆಲವೊಮ್ಮೆ ಫಾರ್ಮನ್ನು ಬಿಟ್ಟು ಹೋಗುವವರೇ ತುಂಬಿಕೊಂಡು ಕೊಟ್ಟುಬಿಡುತ್ತಾರೆ. ಕಾರಣದ ಅಂಕಣದಲ್ಲಿ ‘ಉತ್ತಮ ಅವಕಾಶ’ ಎಂದಿರುತ್ತದೆ, ಏಕೆಂದರೆ ಬೇರೇನು ಬರೆದರೂ ಅದನ್ನು ಓದುವವರು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಸಂದರ್ಶನವನ್ನು ಎಚ್‌ಆರ್ ವಿಭಾಗದ ಹೊರಗಿನವರು, ಸಾಧ್ಯವಾದರೆ ನಿರ್ದೇಶಕರೊಬ್ಬರು, ಖುದ್ದಾಗಿ ಕುಳಿತು ಮಾಡಲಿ. ಅದರ ಟಿಪ್ಪಣಿ ವಿಭಾಗದ ಕಡತಕ್ಕೆ ಸೇರದೆ ನೇರವಾಗಿ ಆಡಳಿತ ಮಂಡಳಿಯ ಮುಂದೆ ಹೋಗಲಿ. ಇದಕ್ಕೆ ಬಜೆಟ್ ಬೇಡ, ಸಲಹೆಗಾರರು ಬೇಡ, ಮುಂದಿನ ರಾಜೀನಾಮೆಯಿಂದಲೇ ಆರಂಭಿಸಬಹುದು.