ಹತ್ತಿ, ಅಂಟು, ಮೀನಿನ ಚರ್ಮ

ಹತ್ತಿ ಇಲ್ಲದ ಮನೆ ಇಲ್ಲ. ದೀಪಕ್ಕೆ ಬತ್ತಿಯಾಗುತ್ತದೆ, ಗಾಯ ಒರೆಸುತ್ತದೆ, ಚಳಿಗಾಲದಲ್ಲಿ ಹಿರಿಯರ ಕಿವಿ ಸೇರುತ್ತದೆ. ಅದೇ ಹತ್ತಿಯನ್ನು ಕೆನ್ನೆಯ ಮೇಲೆ ಪದರ ಪದರವಾಗಿ ಕೂರಿಸಿ ಇಲ್ಲದ ಮೂಳೆ ಎಬ್ಬಿಸಿದವನು ಲಾನ್ ಚೇನಿ. ಹಾಲಿವುಡ್ಡಿನ ಮೂಕಿ ಚಿತ್ರಗಳಲ್ಲಿ ನೆಟ್ಟಗಿನ ಮೂಗೇ ಅರ್ಧ ಸಂಬಳ ತರುತ್ತಿದ್ದ ಕಾಲದಲ್ಲಿ, ಈತ ಮೂಗು ಕೆಡಿಸಿಕೊಂಡು ಹೆಸರು ಮಾಡಿದ. ಅವನ ಬಣ್ಣದ ಪೆಟ್ಟಿಗೆ ಈಗ ಲಾಸ್ ಏಂಜಲೀಸಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಡೈನೋಸಾರುಗಳಿರುವ ಕಟ್ಟಡದಲ್ಲಿ ನಟನ ಪೆಟ್ಟಿಗೆಗೇನು ಕೆಲಸ ಎಂದು ಕೇಳಬಹುದು. ಎರಡೂ ಕಡೆ ಮೂಳೆ ಜೋಡಿಸುವುದೇ ಉದ್ಯೋಗ.

ಚೇನಿ ಹುಟ್ಟಿದ್ದು 1883ರಲ್ಲಿ, ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸದು. ತಾಯಿ ಹಾಸಿಗೆ ಹಿಡಿದಾಗ ಹುಡುಗ ಶಾಲೆ ಬಿಟ್ಟು ಪಕ್ಕದಲ್ಲಿ ಕೂತ. ಊರಿನ ಸುದ್ದಿಯನ್ನೆಲ್ಲ ಕೈಯಲ್ಲಿ, ಮುಖದಲ್ಲಿ ಆಡಿ ತೋರಿಸುತ್ತಿದ್ದ. ಮುಂದೆ ಊರಿನ ಒಪೆರಾ ಹೌಸ್‌ನಲ್ಲಿ ಸಾಮಾನು ಎತ್ತುವ ಹುಡುಗನಾಗಿ ಸೇರಿದ. ಗೋಡೆಗೆ ಕಾಗದ ಅಂಟಿಸುವ, ನೆಲಕ್ಕೆ ಕಾರ್ಪೆಟ್ ಹಾಸುವ ಕೂಲಿಯೂ ಗೊತ್ತಿತ್ತು. ಅಂಟು ಯಾವಾಗ ಹಿಡಿಯುತ್ತದೆ, ಯಾವಾಗ ಕೈಕೊಡುತ್ತದೆ ಎನ್ನುವ ತಿಳಿವಳಿಕೆ ಅಲ್ಲೇ ಬಂದಿರಬೇಕು. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಊರೂರು ಅಲೆಯುವ ಸಂಗೀತ ಪ್ರಹಸನದ ಕಂಪನಿಗಳು: ಕುಣಿಯುವುದು, ನಗಿಸುವುದು, ಪರದೆ ಎಳೆಯುವುದು, ಲೆಕ್ಕ ನೋಡುವುದು. 1913ರಲ್ಲಿ ಸಂಸಾರದ ಗಲಭೆ ಪತ್ರಿಕೆಗೆ ಏರಿ ರಂಗದ ಬಾಗಿಲು ಮುಚ್ಚಿತು. ಯೂನಿವರ್ಸಲ್ ಸ್ಟುಡಿಯೋದ ಬಾಗಿಲು ತೆರೆದಿತ್ತು, ಅಷ್ಟೆ.

ಆಗ ಸ್ಟುಡಿಯೋಗಳಲ್ಲಿ ಮೇಕಪ್ ವಿಭಾಗ ಎಂಬುದೇ ಇರಲಿಲ್ಲ. ನಟ ತನ್ನ ಪೆಟ್ಟಿಗೆ ತಾನೇ ತರಬೇಕು. ಚಿಲ್ಲರೆ ಪಾತ್ರದವರೆಲ್ಲ ಬೆಳಗ್ಗೆ ಒಂದು ಕಡೆ ಗುಂಪಾಗಿ ಕಾಯುತ್ತಿದ್ದರು. ಸಹಾಯಕ ನಿರ್ದೇಶಕ ಬಂದು ಇಂಥವನು ಬೇಕು ಅಂತ ಕೂಗುತ್ತಿದ್ದ. ಮುದುಕ ಬೇಕೆಂದರೆ ಮುದುಕನಾಗಿ, ಕಳ್ಳ ಬೇಕೆಂದರೆ ಕಳ್ಳನಾಗಿ ಎದ್ದು ನಿಲ್ಲಬಲ್ಲವನಿಗೆ ಆ ದಿನದ ಅನ್ನ. ಅಲೆಮಾರಿ ನಾಟಕದವನು ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದ.

ಆದರೆ ರಂಗದ ಬಣ್ಣವನ್ನು ಹಾಗೇ ಕ್ಯಾಮೆರಾಕ್ಕೆ ತಂದರೆ ಕೆಟ್ಟಿತು. ಅಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆನ್ನೆಗೆ ಕೆಂಪು ಹಚ್ಚಿದರೆ ಗುಳಿ ಬಿದ್ದಂತೆ, ತುಟಿಗೆ ಹಚ್ಚಿದರೆ ಮಸಿ ಬಳಿದಂತೆ. ನೀಲಿ ಬಿಳಿಚಿಕೊಳ್ಳುತ್ತಿತ್ತು, ನೀಲಿ ಕಣ್ಣಿನ ಸುಂದರಾಂಗರು ಕುರುಡರಂತೆ ಕಂಡರು. ಮನುಷ್ಯನ ಚರ್ಮದಲ್ಲಿ ಕೆಂಪು ಇದ್ದೇ ಇರುವುದರಿಂದ ಬರೀ ಮುಖವೂ ಕಲೆಕಲೆ. ಇನ್ನೊಂದು ತೊಂದರೆ ದಪ್ಪದ್ದು. ಕಡ್ಡಿಯ ರೂಪದ ಗ್ರೀಸ್ ಪೇಂಟ್, ಅಂದರೆ ರಂಗದ ಜಿಡ್ಡು ಬಣ್ಣ, ಹಿಂದಿನ ಸಾಲಿನವರಿಗೆ ಸರಿ, ಹತ್ತಿರ ಬಂದ ಲೆನ್ಸಿಗೆ ಅದು ಒಣಗಿದ ಕೆರೆಯ ತಳ. ನಟ ನಕ್ಕರೆ ಬಿರುಕು. 1914ರಲ್ಲಿ ಮೇಕಪ್ ಸಾಮಗ್ರಿ ತಯಾರಿಸುತ್ತಿದ್ದ ಮ್ಯಾಕ್ಸ್ ಫ್ಯಾಕ್ಟರ್ ಎಂಬಾತ ತೆಳುವಾದ ಕ್ರೀಮಿನಂಥ ಗ್ರೀಸ್ ಪೇಂಟ್ ತಂದಮೇಲೆ ಆ ಕಾಟ ತಗ್ಗಿತು. ಚೇನಿಯ ಹೆಚ್ಚುಗಾರಿಕೆಯೆಂದರೆ ಈ ಕುರುಡು ಫಿಲ್ಮಿನ ದೌರ್ಬಲ್ಯವನ್ನೇ ದುಡಿಸಿಕೊಂಡದ್ದು: ಎಲ್ಲಿ ಗುಂಡಿ ಬೇಕೋ ಅಲ್ಲಿ ಗಾಢ, ಎಲ್ಲಿ ಉಬ್ಬು ಬೇಕೋ ಅಲ್ಲಿ ತಿಳಿ.

ಬರೀ ನೆರಳು ಸಾಲದಾದಾಗ ಹತ್ತಿ. ಜೊತೆಗೆ ಕೊಲೋಡಿಯನ್ ಬೇಕು. ಇದು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ನೈಟ್ರೋಸೆಲ್ಯುಲೋಸ್. ಔಷಧದಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಸಿಗುತ್ತಿದ್ದದ್ದು. ಮೊದಲು ಜಿಡ್ಡು ಪೂರ್ತಿ ಒರೆಸಬೇಕು. ಆಮೇಲೆ ಸ್ಪಿರಿಟ್ ಗಮ್ ಎಂಬ ಅಂಟು ಸವರಿ, ಅದು ಬೆರಳಿಗೆ ಜಿಗಿ ಹಿಡಿಯುವ ತನಕ ಕಾಯಬೇಕು. ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ ತೆಳ್ಳಗೆ ಒತ್ತಿ, ಮೇಲೆ ಬ್ರಶ್ಶಿನಲ್ಲಿ ಕೊಲೋಡಿಯನ್. ಒಣಗಿದ ಮೇಲೆ ಮತ್ತೊಂದು ಪದರ, ಮೊದಲನೆಯದಕ್ಕಿಂತ ಚಿಕ್ಕದು. ಅಂಚನ್ನು ಕತ್ತರಿಯಿಂದ ಕತ್ತರಿಸುವಂತಿಲ್ಲ, ಎಳೆಗಳನ್ನು ಬೆರಳಲ್ಲೇ ಸಣ್ಣಗೆ ಎಳೆದು ಚರ್ಮದಲ್ಲಿ ಕರಗಿಸಬೇಕು. ಕತ್ತರಿಸಿದರೆ ಅಂಚಿನ ನೆರಳು ಗೆರೆಯಾಗಿ ಬೀಳುತ್ತದೆ. ಒಮ್ಮೆಲೇ ದಪ್ಪಗೆ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ಲೈಟು ಬಿದ್ದೊಡನೆ ಇಡೀ ಕೆನ್ನೆಮೂಳೆ ಜಾರುತ್ತದೆ. ಈಥರ್ ಹಬೆಗೆ ಕಣ್ಣು ಉರಿಯುವುದು ಬೇರೆ. ಕೊಲೋಡಿಯನ್ ಒಣಗುತ್ತಾ ಕುಗ್ಗುವುದರಿಂದ ಚರ್ಮ ಸೆಳೆಯುತ್ತದೆ. ಅದು ದೋಷವೂ ಹೌದು, ಗಾಯದ ಕಲೆ ಬೇಕಿದ್ದಾಗ ವರವೂ ಹೌದು. ಬೆವರು ಮಾತ್ರ ಎಲ್ಲದಕ್ಕೂ ಶತ್ರು. ನಮ್ಮ ಹವ್ಯಾಸಿ ನಾಟಕಗಳಲ್ಲಿ ಕ್ರೇಪ್ ಮೀಸೆಯ ಒಂದು ತುದಿ ಎದ್ದು ನಿಂತು ಮಹಾರಾಜನ ಮರ್ಯಾದೆ ತೆಗೆದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ಕೆಲಸವೆಲ್ಲ ನಾಳೆ ಬೆಳಗ್ಗೆ ಮತ್ತೆ, ಕೂದಲೆಳೆಯ ವ್ಯತ್ಯಾಸವಿಲ್ಲದೆ. ರಂಗದಲ್ಲಿ ನಿನ್ನೆಯ ಮುಖಕ್ಕೂ ಇವತ್ತಿನ ಮುಖಕ್ಕೂ ತಾಳೆ ನೋಡುವವರಿಲ್ಲ. ಸಿನಿಮಾದಲ್ಲಿ ಸೋಮವಾರ ಬಾಗಿಲು ತೆರೆದವನು ಗುರುವಾರ ಒಳಗೆ ಬರುತ್ತಾನೆ. ನಡುವೆ ಕೆನ್ನೆ ಅರ್ಧ ಇಂಚು ಕೆಳಗಿಳಿದಿದ್ದರೆ ಸಿಕ್ಕಿಬಿದ್ದ. 1927ರ ‘ಮಿಸ್ಟರ್ ವು’ ಚಿತ್ರದ ಮುದುಕನಿಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತಿತ್ತು. ಕಣ್ಣಿನ ಆಕಾರ ಬದಲಿಸಲು ಮೀನಿನ ಚರ್ಮ, ಅಂದರೆ ಎಳೆದು ಅಂಟಿಸಬಲ್ಲ ಪಾರದರ್ಶಕ ಪೊರೆ. ಮೂಗಿನ ಹೊಳ್ಳೆ ಅಗಲಿಸಲು ಸಿಗಾರ್ ಹೋಲ್ಡರಿನ ತುದಿಗಳು. ಉದ್ದನೆಯ ಉಗುರುಗಳು ಯಾವುದರಿಂದ? ಬಣ್ಣ ಬಳಿದ ಫಿಲ್ಮ್ ತುಂಡುಗಳಿಂದ. ಬಿಳಿಯ ನಟ ಚೀನೀಯನಾಗುವ ಆ ಕಾಲದ ಚಾಳಿ ಇಂದು ಇರಿಸುಮುರಿಸು ತರುತ್ತದೆ, ತರಬೇಕು ಕೂಡ. ಆ ಉಗುರಿನ ಉಪಾಯ ಮಾತ್ರ ಮೆಚ್ಚುವಂಥದ್ದು.

ಪ್ರಚಾರದವರು ಬಣ್ಣಕ್ಕಿಂತ ನೋವನ್ನು ಚೆನ್ನಾಗಿ ಮಾರಿದರು. 1923ರ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ ಚಿತ್ರದ ಗೂನು 70 ಪೌಂಡ್ ಎಂದು ಸಾರಿದ್ದೇ ಸಾರಿದ್ದು. ಪ್ಲಾಸ್ಟರಿನ ಆ ಗೂನು ಹೆಚ್ಚುಕಡಿಮೆ 20 ಪೌಂಡ್, ಅಂದರೆ ಒಂಬತ್ತು ಕೆಜಿ. 32 ಕೆಜಿ ಹೊತ್ತವನು ಚರ್ಚಿನ ಗೋಡೆಯ ಮೇಲೆ ಹಾಗೆ ಹರಿದಾಡಲಾರ ಎಂದು ಒಬ್ಬರಿಗೂ ತೋಚಲಿಲ್ಲ. ಹಾಗೆಂದು ನೋವೆಲ್ಲ ಸುಳ್ಳಲ್ಲ. 1920ರ ‘ದಿ ಪೆನಾಲ್ಟಿ’ಯಲ್ಲಿ ಎರಡೂ ಕಾಲಿಲ್ಲದ ಪಾತಕಿ. ಮೊಣಕಾಲು ಮಡಿಚಿ, ಹಿಮ್ಮಡಿಯನ್ನು ತೊಡೆಯ ಹಿಂಭಾಗಕ್ಕೆ ಬಿಗಿದು ಕಟ್ಟಿ, ಮೊಣಕಾಲಿಗೇ ಚರ್ಮದ ಗೂಡು ತೊಡಿಸಿ ನಡೆದ. ಹಿಂದಿನ ಕಾಲು ಕಾಣದಂತೆ ಕೋಟಿನ ಕತ್ತರಿಕೆ. ರಕ್ತ ಓಡಾಡದ್ದರಿಂದ ಹತ್ತಿಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಾಳಲಾಗುತ್ತಿರಲಿಲ್ಲ. ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟಬೇಕು. ಆ ಸ್ಥಿತಿಯಲ್ಲಿ ಅವನು ಎತ್ತರದಿಂದ ಜಿಗಿಯುತ್ತಾನೆ. ಚಿತ್ರ ಸಿಗುತ್ತದೆ, ನೋಡಬಹುದು.

1925ರ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದ ತಲೆಬುರುಡೆ ಮುಖವಂತೂ ಬಿಡುಗಡೆಯ ತನಕ ಗುಟ್ಟು. ಮೂಗಿನ ತುದಿಯನ್ನು ಮೇಲಕ್ಕೆಳೆದದ್ದು ತಂತಿಯೋ ಮೀನಿನ ಚರ್ಮದ ಪಟ್ಟಿಯೋ ಎಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ. ಆ ಜಗಳದಲ್ಲಿ ಒಂದು ಸಂಗತಿ ಮರೆತುಹೋಗುತ್ತದೆ: ಮುಖವಾಡ ಕಳಚಿದಾಗ ಅವನ ಬಾಯಿ, ಹುಬ್ಬು, ಕತ್ತು ಎಲ್ಲ ಆಡುತ್ತವೆ. ಅಂಟಿಸಿದ್ದೆಲ್ಲ ಮುಖದ ಆಡದ ಜಾಗಗಳಲ್ಲಿ. ನನಗೆ ಕೇಳಿದರೆ ವಿದ್ಯೆ ಇರುವುದು ಇಲ್ಲಿ. ಭಯಂಕರ ಮುಖ ಯಾರೂ ಮಾಡಿಯಾರು, ಆ ಮುಖ ಹೊತ್ತು ಅಳಬಲ್ಲೆವಾ ಎನ್ನುವುದು ಪ್ರಶ್ನೆ.

ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 1929ರ ಆವೃತ್ತಿಗೆ ಮೇಕಪ್ ಬಗ್ಗೆ ಬರೆಯಲು ಹೇಳಿದ್ದು ಇವನಿಗೇ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನಿಗೆ. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. 1930ರಲ್ಲಿ ಮಾಡಿದ ಒಂದೇ ಮಾತಿನ ಚಿತ್ರ ‘ದಿ ಅನ್‌ಹೋಲಿ ಥ್ರೀ’ಯಲ್ಲಿ ಐದು ದನಿ: ಬೊಂಬೆ ಮಾತಾಡಿಸುವವನು, ಅವನ ಬೊಂಬೆ, ಮುದುಕಿ, ಗಿಣಿ, ಒಬ್ಬ ಹುಡುಗಿ. ಎಲ್ಲವೂ ತನ್ನದೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಬರೆದುಕೊಟ್ಟ. ಅದೇ ಆಗಸ್ಟ್ 26ರಂದು ಕ್ಯಾನ್ಸರಿನಿಂದ ತೀರಿಕೊಂಡ, 47 ವರ್ಷ.

ಮಗನೂ ನಟನಾದ, ಲಾನ್ ಚೇನಿ ಜೂನಿಯರ್ ಎಂಬ ಹೆಸರಿನಲ್ಲಿ. 1940ರಲ್ಲಿ ‘ಒನ್ ಮಿಲಿಯನ್ ಬಿ.ಸಿ.’ ಚಿತ್ರಕ್ಕೆ ಅಪ್ಪನ ಹಾಗೆ ತನ್ನ ಬಣ್ಣ ತಾನೇ ಹಚ್ಚಿಕೊಳ್ಳಲು ಹೊರಟ. ಮೇಕಪ್‌ನವರ ಯೂನಿಯನ್ನಿನ ನಿಯಮ ಒಪ್ಪಲಿಲ್ಲ. ಮರುವರ್ಷ ‘ದಿ ವುಲ್ಫ್ ಮ್ಯಾನ್’ ಆಗಲು ಜ್ಯಾಕ್ ಪಿಯರ್ಸ್ ಎಂಬ ಮೇಕಪ್‌ಕಾರನ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತು ಯಾಕ್ ಕೂದಲು ಅಂಟಿಸಿಕೊಂಡ. ಅದು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ.